ಆಟದ ಕೊನೆಗೆ ಓಡುವ ಹೆಸರುಗಳು

ಅತ್ತೆ ಸೊಸೆ ಜೊತೆಯಾಗಿ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದರೆ ರಾಯಚೂರಿನಲ್ಲಿ ಯಾರಿಗಾದರೂ ಮೊದಲು ಅನುಮಾನ ಬರುವುದು ಆ ಮನೆಯ ಗಂಡಸಿನ ಮೇಲೆ. ನನಗೂ ಹಾಗೆಯೇ ಆಯಿತು. ಇಬ್ಬರಿಗೂ ಕುಡಿಯಲು ನೀರು ಕೊಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ.

“ಸಂಸಾರದ ಕೇಸು ನಾ ತಗೊಳ್ಳಂಗಿಲ್ರೀ. ಎದುರಿನ ಗಲ್ಲಿಯೊಳಗ ಒಬ್ಬರು ವಕೀಲರು ಅದಾರ, ಛಲೋ ಮಂದಿ. ಬೇಕಂದ್ರ ಫೋನ್ ಮಾಡಿ ಹೇಳ್ತೀನಿ.”

ಅತ್ತೆ ಲೋಟ ಕೆಳಗಿಟ್ಟು ನನ್ನನ್ನು ಒಮ್ಮೆ ಅಳೆಯುವಂತೆ ನೋಡಿದರು. “ನಮ್ಮ ಸಂಸಾರಕ್ಕ ಏನಾಗ್ಯಾದ ಯವ್ವಾ? ಗಟ್ಟಿ ಅದ. ಆಟದ ವಕೀಲರು ಅಂತಾರಲ್ಲ, ಅವರು ನೀವಾ ಏನು?”

“ಹೌದ್ರೀ, ನಾನಾ.”

“ಹಂಗಾರ ಸರಿ ಜಾಗಾಕ್ಕ ಬಂದೀವಿ,” ಎಂದು ಸೊಸೆಯ ಕಡೆ ತಿರುಗಿದರು. “ಹೇಳು. ನಾಯಿದು ಮೊದಲು ಹೇಳು.”

ಅವರು ಬಂದದ್ದು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ, ಬೆಳಗಿನ ಬಸ್ಸಿಗೆ. ಅತ್ತೆಗೆ ಅರವತ್ತು ದಾಟಿರಬೇಕು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಸೊಸೆಗೆ ಮೂವತ್ತರ ಆಸುಪಾಸು. ಕಲಬುರಗಿಯಲ್ಲಿ ಚಿತ್ರಕಲೆ ಓದಿದವಳು. ಗಂಡ ದೇವದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಬೇರೆ ಬೇರೆ ಊರುಗಳ ಕಂಪನಿಗಳಿಗೆ ಕಳಿಸುವುದು ಅವಳ ಕೆಲಸ.

ಅಂಥವರು ನನ್ನನ್ನು ಹುಡುಕಿಕೊಂಡು ಬರಬೇಕಾದರೆ ನಾನು ಏನು ಮಾಡುತ್ತೇನೆಂದು ಇಲ್ಲಿ ಹೇಳಬೇಕು. ನನ್ನದು ಮಾನ್ವಿ. ಅಲ್ಲಿಯ ಬಜಾರಿನಲ್ಲಿ ಅಬ್ಬಾನದು ಚಪ್ಪಲಿ ಅಂಗಡಿ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಗಿರಾಕಿ ಗಡಿಯಾಚೆಯವರಾದರೆ ತೆಲುಗು. ರಾಯಚೂರಿನಲ್ಲಿ ಕಾನೂನು ಓದಿ ಹೈದರಾಬಾದಿನ ಒಂದು ದೊಡ್ಡ ವಕೀಲರ ಕಚೇರಿಗೆ ಸೇರಿದೆ. ಅಲ್ಲಿಗೆ ವಿಡಿಯೋ ಗೇಮ್ ಮಾಡುವ ಕಂಪನಿಗಳು ಬರುತ್ತಿದ್ದವು. ಒಂದು ಆಟ ಎಂದರೆ ಎಷ್ಟು ಜನರ ಹಕ್ಕುಗಳ ಗಂಟು ಎಂಬುದನ್ನು ಅಲ್ಲೇ ಕಲಿತೆ. ಕೋಡ್ ಬರೆದವರದು ಒಂದು ಹಕ್ಕು, ರಾಗ ಕಟ್ಟಿದವರದು ಇನ್ನೊಂದು, ಪಾತ್ರದ ಮುಖ ಬರೆದವರದು ಮತ್ತೊಂದು; ಆಟದ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ. ಅದನ್ನೆಲ್ಲ ಒಂದೇ ಕಡೆ ಸೇರಿಸಿ ಕಂಪನಿಯ ಕೈಗೆ ಕೊಡುವ ಒಪ್ಪಂದಗಳನ್ನು ನಾನು ವರ್ಷಗಟ್ಟಲೆ ಬರೆದೆ. ಚೆನ್ನಾಗಿಯೇ ಬರೆಯುತ್ತಿದ್ದೆ. ಆದರೆ ಆ ಕಚೇರಿಯಲ್ಲಿ ನನಗೆ ಕೂಡಲು ಸಿಕ್ಕಿದ್ದು ಮೇಜಿನ ಒಂದೇ ಮಗ್ಗುಲು. ಇನ್ನೊಂದು ಮಗ್ಗುಲಿನ ಕುರ್ಚಿಯಲ್ಲಿ ಬಹಳಷ್ಟು ಸಲ ವಕೀಲರೇ ಇರುತ್ತಿರಲಿಲ್ಲ. ಸಹಿ ಮಾಡುವವರು ಒಬ್ಬರೇ ಕೂತಿರುತ್ತಿದ್ದರು, ಪೆನ್ನು ಸಹ ನಮ್ಮದೇ. ಒಂದು ದಿನ ಆ ಕುರ್ಚಿಗೆ ಹೋಗಿ ಕೂಡಬೇಕೆನಿಸಿತು. ಕೆಲಸ ಬಿಟ್ಟು ಬಂದು ರಾಯಚೂರಿನಲ್ಲಿ, ಮೋಟಾರು ವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೋರ್ಡು ತೂಗುಹಾಕಿದೆ.

“ಖೇಲಾಂ ಕಾ ಭೀ ಕೇಸ್ ಹೋತಾ ಕ್ಯಾ ಬೇಟಾ?” ಎಂದರು ಅಬ್ಬಾ. ಆಟಕ್ಕೂ ಕೇಸು ಇರುತ್ತದೆಯೇ ಎಂದು. ಇಲ್ಲದಿದ್ದರೆ ನಾನು ಹಾಕುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ.

ಕೋರ್ಟಿನ ಆವರಣದಲ್ಲಿ ಮಾತ್ರ ಕೇಳುವವರಿಗೆ ಕೊರತೆ ಇರಲಿಲ್ಲ. ಅಲ್ಲಿ ಹೊಲದ ಹದ್ದು, ಆಸ್ತಿಯ ಪಾಲು, ಚೆಕ್ ಬೌನ್ಸು ಇವೇ ಕೇಸುಗಳು. ನಾನು ವಕೀಲರ ಸಂಘದ ಕೋಣೆಗೆ ಕಾಲಿಟ್ಟರೆ ಒಬ್ಬ ಹಿರಿಯರು ಕನ್ನಡಕದ ಮೇಲಿಂದ ನೋಡಿ, “ಏನ್ರೀ ಮೇಡಂ, ಇವತ್ತು ಕೇರಂ ಬೋರ್ಡಿಂದು ಹಿಯರಿಂಗ್ ಅದ ಏನು?” ಅನ್ನುತ್ತಿದ್ದರು. ಸುತ್ತ ನಗು. “ಇಲ್ರೀ ಸರ, ಇವತ್ತು ಪಗಡಿದು. ನಿಮ್ಮನ್ನ ಸಾಕ್ಷಿಗೆ ಕರಸ್ತೀನಿ, ತಯಾರಿರ್ರಿ,” ಅಂದು ನನ್ನ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿ ಹೋದರೆ ನಾಳೆ ಕುರ್ಚಿಯೂ ಇರುವುದಿಲ್ಲವೆಂದು ನನಗೆ ಬೇಗ ಗೊತ್ತಾಗಿತ್ತು.

ಈಗ ನಾಯಿಯ ವಿಷಯ.

ದೊಡ್ಡ ಊರಿನ ಒಂದು ಕಂಪನಿ ಈ ಚಿತ್ರಗಾರ್ತಿಗೆ ಒಂದು ಊರನ್ನು ಬರೆದುಕೊಡಲು ಹೇಳಿತ್ತು. ಆಟದಲ್ಲಿ ಒಬ್ಬ ಅಂಚೆಯವನು ಬಿಸಿಲಿನ ಸಣ್ಣ ಊರಿನಲ್ಲಿ ಓಡಾಡಿ ಪತ್ರ ಮುಟ್ಟಿಸಬೇಕು. ಓಡುವವನನ್ನು ಬರೆದವರು ಬೇರೆ. ಅವನು ಓಡುವ ಊರು ಪೂರ್ತಿ ಇವಳದು. ದೇವದುರ್ಗದ ಕೋಟೆಯ ಬುರುಜು, ಒಂದರ ಮೇಲೊಂದು ಕೂತ ಬಂಡೆಗಳು, ಮಸರಕಲ್ ಕಡೆಯ ಹತ್ತಿ ಹೊಲ, ನಳದ ಮುಂದೆ ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡ, ಅಂಗಡಿಗಳ ಮೇಲೆ ಕೈಬರಹದ ಕನ್ನಡ ಬೋರ್ಡು. ಒಂದು ಓಣಿಯಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಬೇಳೆ ಹಸನು ಮಾಡುವ ಮುದುಕಿಯೂ ಇದ್ದಳು.

“ಅಕಿ ನಾನಾ,” ಎಂದರು ಅತ್ತೆ, ಫೋನಿನ ಪರದೆಯ ಮೇಲೆ ಬೆರಳಿಟ್ಟು. “ಮೂಗು ನೋಡ್ರಿ.”

ಮೂಗು ಅವರದೇ.

ಆಟ ಬಿಡುಗಡೆಯಾದಾಗ ಸೊಸೆ ತಾನೇ ದುಡ್ಡು ಕೊಟ್ಟು ತೆಗೆದುಕೊಂಡು ಕೊನೆಯವರೆಗೆ ಆಡಿದ್ದಳು. ಆಟ ಮುಗಿದ ಮೇಲೆ ಸಿನಿಮಾದಲ್ಲಿ ಬರುವಂತೆ ದುಡಿದವರ ಹೆಸರುಗಳು ಮೇಲಕ್ಕೆ ಓಡುತ್ತವೆ. ನಿರ್ದೇಶಕರ ಹೆಸರು ಬಂತು, ಕೋಡ್ ಬರೆದವರು ಬಂದರು, ಆಡಿ ತಪ್ಪು ಹುಡುಕಿದವರು ಬಂದರು. ಕಚೇರಿಗೆ ಊಟ ತಂದುಕೊಟ್ಟವರು, ಆಟ ತಯಾರಾಗುವಾಗ ಹುಟ್ಟಿದ ಮಕ್ಕಳು. ಕೊನೆಗೆ ಕಚೇರಿಯಲ್ಲಿ ಮಲಗುವ ನಾಯಿ. ಅದಕ್ಕೆ ‘ಸಂತೋಷದ ಅಧಿಕಾರಿ’ ಎಂಬ ಹುದ್ದೆ. ಇವಳ ಹೆಸರು ಎಲ್ಲಿಯೂ ಇರಲಿಲ್ಲ. ಆಮೇಲೆ ಒಂದು ಸಂದರ್ಶನದಲ್ಲಿ ಆ ಕಂಪನಿಯ ಚಿತ್ರವಿಭಾಗದ ಮುಖ್ಯಸ್ಥ, ಈ ಊರು ಪೂರ್ತಿ ತನ್ನ ಕಲ್ಪನೆಯಲ್ಲಿ ಹುಟ್ಟಿದ್ದು ಎಂದಿದ್ದ.

ಇವಳು ಇಮೇಲ್ ಬರೆದು ಕೇಳಿದಳು. ಉತ್ತರ ಸಭ್ಯವಾಗಿತ್ತು: ನಿಮ್ಮ ಹಣ ಪೂರ್ತಿ ಸಂದಿದೆ, ಎಲ್ಲ ಹಕ್ಕುಗಳನ್ನೂ ನಮಗೆ ಬರೆದುಕೊಟ್ಟಿದ್ದೀರಿ, ಸಿಬ್ಬಂದಿಯ ಹೆಸರು ಮಾತ್ರ ಹಾಕುವುದು ನಮ್ಮ ಪದ್ಧತಿ.

“ನಾಯಿ ಪಗಾರದ ಮ್ಯಾಲೆ ಅದ ಏನು ಅಲ್ಲಿ?” ಎಂದರು ಅತ್ತೆ.

ನಾನು ಒಪ್ಪಂದ ಓದಿದೆ. ಅದರ ಭಾಷೆ ನನಗೆ ಹೊಸದಲ್ಲ. ಹಣದ ವಿಷಯದಲ್ಲಿ ಕಂಪನಿ ಹೇಳಿದ್ದು ನಿಜ. ಚಿತ್ರಗಳ ಮಾಲೀಕತ್ವ ಹೋಗಿತ್ತು, ವಾಪಸು ಬರುವಂತಿರಲಿಲ್ಲ. ಆದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಐವತ್ತೇಳನೆಯ ಕಲಂ ಎಂಬುದೊಂದಿದೆ. ಕೃತಿಯನ್ನು ಪೂರ್ತಿ ಮಾರಿದ ಮೇಲೂ ‘ಇದನ್ನು ಮಾಡಿದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಮಾಡಿದವರಲ್ಲೇ ಉಳಿಯುತ್ತದೆ. ಒಪ್ಪಂದದಲ್ಲಿ ಅದನ್ನೂ ಬಿಟ್ಟುಕೊಟ್ಟಿದ್ದೇನೆ ಎಂಬ ಒಂದು ಸಾಲು ಇತ್ತು. ಹಾಗೆ ಬಿಟ್ಟುಕೊಡಲು ಬರುತ್ತದೆಯೇ ಎಂಬುದರ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯವಿಲ್ಲ. ಗೆಲ್ಲುತ್ತೇವೆಂದು ಹೇಳಲಾರೆ, ಆದರೆ ಹೋರಾಡಲು ಜಾಗವಿದೆ ಎಂದೆ. ಇನ್ನೊಂದನ್ನೂ ಹೇಳಿದೆ: ಇಂಥ ದಾವೆಯನ್ನು ತಾನು ವಾಸವಿರುವ ಜಿಲ್ಲೆಯ ಕೋರ್ಟಿನಲ್ಲೇ ಹೂಡಲು ಕಾಯ್ದೆ ಅವಕಾಶ ಕೊಡುತ್ತದೆ.

ಸೊಸೆ ಒಪ್ಪಂದದ ಹಾಳೆಗಳಿಂದ ತಲೆ ಎತ್ತಿದಳು. “ಅಂದ್ರ ಅವರು ರಾಯಚೂರಿಗೆ ಬರಬೇಕಾಗ್ತದೇನ್ರಿ?”

“ಬರಬೇಕಾಗ್ತದ.”

“ಹಂಗಾರ ಹಾಕ್ರಿ,” ಎಂದಳು.

ನೋಟಿಸು ಕಳಿಸಿದೆ. ಉತ್ತರ ದಪ್ಪ ಲಕೋಟೆಯಲ್ಲಿ ಬಂತು. ಅದರಲ್ಲಿ ನನ್ನ ಕಕ್ಷಿದಾರಳನ್ನು ಎಲ್ಲೆಲ್ಲೂ ‘ಸರಬರಾಜುದಾರರು’ ಎಂಬ ಅರ್ಥದ ಇಂಗ್ಲಿಷ್ ಪದದಿಂದ ಕರೆದಿದ್ದರು. ಫೋನಿನಲ್ಲಿ ಅದನ್ನು ಅವಳಿಗೆ ವಿವರಿಸಿದೆ. “ನಾ ಏನು ಸಿಮೆಂಟ್ ಚೀಲ ಇಳಿಸೀನೇನ್ರಿ ಅವರ ಮನಿ ಮುಂದ?” ಎಂದಳು.

ಅದೇ ವಾರ ಹೈದರಾಬಾದಿನ ನನ್ನ ಹಳೆಯ ಕಚೇರಿಯಿಂದ ಪರಿಚಿತರೊಬ್ಬರು ಫೋನ್ ಮಾಡಿದರು. ಬಹಳ ಪ್ರೀತಿಯಿಂದ ಮಾತಾಡಿದರು. ಈ ಉದ್ಯಮ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು, ಒಂದು ಹೆಸರಿಗಾಗಿ ಜಗಳ ತೆಗೆದರೆ ನಾಳೆ ನಿನಗೆ ಯಾರು ಕೆಲಸ ಕೊಡುತ್ತಾರೆ ಎಂದರು. ಎಲ್ಲರಿಗೂ ಎಲ್ಲರೂ ಗೊತ್ತಿದ್ದರೆ ಜಾಲಹಳ್ಳಿಯ ಒಬ್ಬಳು ಮಾತ್ರ ಹೇಗೆ ಗೊತ್ತಾಗಲಿಲ್ಲ ಎಂದು ಕೇಳಿದೆ. ಅವರು ನಕ್ಕು ಫೋನಿಟ್ಟರು. ಆ ತಿಂಗಳೇ ನನ್ನ ಹಳೆಯ ಗಿರಾಕಿ ಕಂಪನಿಯೊಂದು ತನ್ನ ಟ್ರೇಡ್‌ಮಾರ್ಕಿನ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ಸಿಟ್ಟು ಬಂತು, ಹೆದರಿಕೆಯೂ ಆಯಿತು. ಸಿಟ್ಟು ಹೆಚ್ಚಿತ್ತು, ಹಾಗಾಗಿ ಬಚಾವಾದೆ.

ಪುರಾವೆ ನೋಡಲು ಜಾಲಹಳ್ಳಿಗೆ ಹೋದೆ. ಅವಳು ಪ್ರತಿ ಚಿತ್ರದ ಮೊದಲ ಗೆರೆಯಿಂದ ಕೊನೆಯ ಬಣ್ಣದವರೆಗಿನ ಫೈಲುಗಳನ್ನು ಇಟ್ಟುಕೊಂಡಿದ್ದಳು. ಲ್ಯಾಪ್‌ಟಾಪನ್ನು ಹೊರಸಿನ ಮೇಲಿಟ್ಟು ಒಂದೊಂದೇ ಪದರ ಬಿಚ್ಚಿ ತೋರಿಸಿದಳು. ಬುರುಜಿನ ಒಂದು ಕಲ್ಲು ಹಿಡಿಸದೆ ಅದನ್ನೇ ಎಷ್ಟು ಸಲ ಅಳಿಸಿ ಬರೆದಿದ್ದಳೋ! ಅತ್ತೆ ರೊಟ್ಟಿ ಬಡಿದು ಪುಂಡಿಪಲ್ಯದ ಜೊತೆ ಕೊಟ್ಟರು. ಬಾಜೂಮನೆಯವರು ಬಾಗಿಲಲ್ಲಿ ನಿಂತು, ಬುರ್ಖಾ ಹಾಕಿಕೊಂಡು ಬಂದಿರುವ ವಕೀಲರು ಯಾರ ಕಡೆಯವರು ಎಂದು ವಿಚಾರಿಸಿದಾಗ ಅತ್ತೆ ಒಳಗಿನಿಂದಲೇ ಕೂಗಿದರು. “ನಮ್ಮ ಕಡಿಯವರು! ನೀವು ಹೋಗ್ರಿ, ಕೆಲಸ ಅದ.”

ಇಂಥ ವ್ಯಾಜ್ಯದಲ್ಲಿ ಸಾಮಾನ್ಯವಾಗಿ ದಾವೆಗೆ ಮೊದಲು ಮಧ್ಯಸ್ಥರ ಮುಂದೆ ಕೂಡಬೇಕೆಂಬ ನಿಯಮವಿದೆ. ನಮ್ಮ ಮಧ್ಯಸ್ಥರು ನಿವೃತ್ತ ನ್ಯಾಯಾಧೀಶರು, ಮಾತು ಕಡಿಮೆ. ಕಂಪನಿಯ ವಕೀಲರು ಮೊದಲ ಸಲ ವಿಡಿಯೋದಲ್ಲಿ ಬಂದರು. ಧ್ವನಿ ಕಡಿದು ಕಡಿದು ಬರುತ್ತಿತ್ತು. ಮಧ್ಯಸ್ಥರು, “ಬಂದು ಹೋಗ್ರೀ ವಕೀಲರ, ರೈಲು ಅದಾವ,” ಎಂದರು. ಎರಡನೆಯ ಸಲ ಅವರು ಬೇಸಿಗೆಯಲ್ಲಿ ಕಪ್ಪು ಕೋಟು ತೊಟ್ಟು ರಾಯಚೂರಿನಲ್ಲಿ ಇಳಿದರು. ಬೆವರಿನಲ್ಲಿ ಮಿಂದಿದ್ದರೂ ಮಾತಿನಲ್ಲಿ ಸೌಜನ್ಯ ಕಳೆದುಕೊಳ್ಳದ ಮನುಷ್ಯ. ನಾನು ಫ್ಯಾನು ಅವರ ಕಡೆ ತಿರುಗಿಸಿದೆ. ಅದು ಫ್ಯಾನಿನ ಮಟ್ಟಿಗೆ ಮಾತ್ರ.

“ನಮ್ಮ ಕಕ್ಷಿದಾರರು ದೊಡ್ಡ ಮನಸ್ಸು ಮಾಡಿದ್ದಾರೆ ಮೇಡಂ,” ಎಂದು ಅವರು ಶುರು ಮಾಡಿದರು. “ಕೊನೆಯಲ್ಲಿ ‘ವಿಶೇಷ ಕೃತಜ್ಞತೆಗಳು’ ಅಂತ ಒಂದು ಭಾಗ ಬರುತ್ತೆ. ಅಲ್ಲಿ ಇವರ ಹೆಸರು ಹಾಕ್ತಾರೆ.”

“ಅದರಾಗ ಮತ್ತ ಯಾರ ಹೆಸರು ಅದ?” ಎಂದಳು ನನ್ನ ಕಕ್ಷಿದಾರಳು.

ವಕೀಲರು ಕಾಗದ ನೋಡಿದರು. ನಾಯಿಯ ಹೆಸರೂ ಅದೇ ಭಾಗದಲ್ಲಿತ್ತು. ಮಧ್ಯಸ್ಥರು ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದರು.

“ನನಗ ಕೃತಜ್ಞತೆ ಬ್ಯಾಡ್ರಿ. ನಾ ಸಹಾಯ ಮಾಡಿಲ್ಲ, ಊರು ಬರದೀನಿ. ‘ಊರು ಬರೆದವರು’ ಅಂತ ಹಾಕ್ರಿ.”

“ಅದಕ್ಕೆ ಅವರು ಒಪ್ಪಲ್ಲ. ನೋಡಿ, ಬೇಜಾರು ಮಾಡ್ಕೋಬೇಡಿ, ನಾನು ಹೇಳಲೇಬೇಕು. ಹೀಗೇ ಹಟ ಮಾಡಿದರೆ ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ಚಿತ್ರಗಳನ್ನೇ ತೆಗೆದು ಬೇರೆಯವರ ಕೈಯಲ್ಲಿ ಬರೆಸ್ತಾರೆ. ಆಗ ಹೆಸರಿನ ಪ್ರಶ್ನೆಯೇ ಬರಲ್ಲ.”

ಇದಕ್ಕೆ ನಾನು ಉತ್ತರ ತಯಾರಿ ಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕೈಮೇಲೆ ಕೈಯಿಟ್ಟಳು.

“ತಗೀರಿ,” ಎಂದಳು. “ಪೂರಾ ತಗೀರಿ. ಆಮ್ಯಾಲೆ ನಿಮ್ಮ ಆಟದಾಗ ಊರು ಇರಂಗಿಲ್ಲ. ಬಿಳಿ ಹಾಳಿ ಮ್ಯಾಲೆ ಒಬ್ಬ ಮನಷ್ಯಾ ಸುಮ್ಮಸುಮ್ಮನ ಓಡತಿರ್ತಾನ. ಅವನಿಗೆ ಬಾಗಿಲು ಇಲ್ಲ, ಓಣಿ ಇಲ್ಲ. ಪತ್ರ ಯಾರಿಗೆ ಕೊಡ್ತಾನ ನೋಡೂಣು.”

ಹಿಂದಿನ ಬೆಂಚಿನಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡು, “ನನ್ನ ಮೂಗೂ ತಗೀರಿ,” ಎಂದು ಸೇರಿಸಿದರು.

ಮಧ್ಯಸ್ಥರು ಚಹಾ ತರಿಸಿದರು. ವಕೀಲರು ಫೋನು ಹಿಡಿದು ಹೊರಗೆ ಬೇವಿನ ಮರದ ಕೆಳಗೆ ಹೋದರು. ಬಹಳ ಹೊತ್ತು ಮಾತಾಡಿದರು. ಒಮ್ಮೆ ಅವರ ಧ್ವನಿ ಏರಿದ್ದು ಒಳಗೂ ಕೇಳಿಸಿತು: ರಾಯಚೂರಿಗೆ ನೀವೇ ಬಂದು ಸಾಕ್ಷಿ ಹೇಳಬೇಕಾಗುತ್ತೆ ಸಾರ್, ಸಂದರ್ಶನದಲ್ಲಿ ಹೇಳಿದ್ದನ್ನು ಪ್ರಮಾಣ ಮಾಡಿ ಹೇಳ್ತೀರಾ? ವಾಪಸು ಬಂದಾಗ ಚಹಾ ಆರಿತ್ತು. ಅದನ್ನೇ ಒಂದೇ ಗುಟುಕಿಗೆ ಕುಡಿದು, “ಆಯ್ತು,” ಎಂದರು. “ಊರಿನ ಚಿತ್ರಗಳು ಅಂತ ಇವರ ಹೆಸರು, ಚಿತ್ರವಿಭಾಗದಲ್ಲೇ, ಮುಖ್ಯಸ್ಥರ ಹೆಸರಿನ ಕೆಳಗೆ.”

“ಕನ್ನಡದಾಗ,” ಎಂದಳು ಇವಳು.

“ಇಂಗ್ಲಿಷಿನಲ್ಲೇ ಎಲ್ಲರದೂ ಇರೋದು.”

“ಅವರದು ಅವರು ನೋಡ್ಕೋಲಿ. ನನ್ನ ಹೆಸರು ಎರಡರಾಗೂ ಇರಲಿ. ನಮ್ಮ ಮನಿಯಾಗ ಓದೋರು ಕನ್ನಡದಾಗ ಓದ್ತಾರ.”

ಅವರು ಮತ್ತೆ ಫೋನ್ ಮಾಡಿದರು. ಆ ಕಡೆಯವರು, ಹೆಸರು ಓಡಿಸುವ ಜಾಗದಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಫಾಂಟ್ ಇಲ್ಲ ಎಂದರಂತೆ. ಅವಳು ಚೀಲದಿಂದ ತಾನು ಚಿತ್ರ ಬರೆಯುವ ಟ್ಯಾಬ್ಲೆಟ್ ತೆಗೆದು, ಆಟದ ಕಿರಾಣಿ ಅಂಗಡಿಯ ಬೋರ್ಡು ಬರೆದ ಅದೇ ದುಂಡು ಅಕ್ಷರದಲ್ಲಿ ತನ್ನ ಹೆಸರು ಬರೆದು, ಅಂಚಿಗೆ ಸಣ್ಣ ನೆರಳು ಕೊಟ್ಟು ಎದುರಿಗೆ ಹಿಡಿದಳು. “ಫಾಂಟ್ ಬ್ಯಾಡ್ರಿ. ಇದು ಚಿತ್ರ. ಚಿತ್ರ ಹಾಕಾಕ ಬರ್ತದಲ್ಲ?”

ವಕೀಲರು ಮೊದಲ ಸಲ ಮನಸಾರೆ ನಕ್ಕರು. “ಇನ್ನು ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ ಸಾರ್,” ಎಂದರು ಮಧ್ಯಸ್ಥರಿಗೆ.

ಕೊನೆಯ ತಕರಾರು ಬಾಯಿ ಮುಚ್ಚಿಸುವುದರದು. ಈ ಬಗ್ಗೆ ಯಾರೂ ಎಲ್ಲಿಯೂ ಒಂದು ಮಾತೂ ಆಡಬಾರದೆಂಬ ಷರತ್ತು ತಂದಿದ್ದರು. ಅದಕ್ಕೆ ನಾನು ಒಪ್ಪಲಿಲ್ಲ. ಕಂಪನಿಯ ಹೆಸರು, ಆಟದ ಹೆಸರು ಹೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇವೆ ಎಂದೆ. ಸಂಜೆಯವರೆಗೆ ಎಳೆದಾಡಿ ಅಲ್ಲಿಗೆ ನಿಂತಿತು. ಚಿತ್ರಗಾರ್ತಿಯ ಹೆಸರನ್ನು ನಾನಿಲ್ಲಿ ಬರೆಯದಿರುವುದು ಅದಕ್ಕೇ. ಅದನ್ನು ಬರೆದರೆ ಆಟ ಯಾವುದೆಂದು ಯಾರಾದರೂ ಹುಡುಕಿಬಿಡುತ್ತಾರೆ.

ಅಪ್‌ಡೇಟ್ ಬಂದ ದಿನ ಅವಳು ವಿಡಿಯೋ ಕಾಲ್ ಮಾಡಿದಳು. ಅತ್ತೆ ಪರದೆಗೆ ಮುಖ ಹತ್ತಿಸಿ, ಓಡುವ ಸಾಲುಗಳ ನಡುವೆ ಸೊಸೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು. ಆಮೇಲೆ ನನಗೆ, “ನಾಯಿನೂ ಇನ್ನ ಅದ ನೋಡ್ರಿ,” ಎಂದು ದೂರಿದರು.

ಗೆದ್ದೆವು ಎಂದು ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಆಮೇಲೆ ಬಹಳ ತಿಂಗಳು ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಮೊದಲೆಲ್ಲ ದಿನಕ್ಕೊಂದು ಇಮೇಲ್ ಬರೆಯುತ್ತಿದ್ದವರು ಬೇರೆಯವರು ಸಿಕ್ಕಿದ್ದಾರೆ ಎಂದರು. ನನ್ನನ್ನು ಜಗಳಗಂಟಿ ಎಂದು ಒಬ್ಬರು ಬರಹದಲ್ಲೇ ಕರೆದರು. ನಾನು ಕಚೇರಿಯ ಬಾಡಿಗೆಗಾಗಿ ಚೆಕ್ ಬೌನ್ಸ್ ಕೇಸುಗಳನ್ನೂ ತೆಗೆದುಕೊಂಡೆ. ಸಂಘದ ಕೋಣೆಯ ಹಿರಿಯರಿಗೆ ಸಮಾಧಾನವಾದಂತೆ ಕಂಡಿತು. ಆದರೆ ಬೋರ್ಡು ಇಳಿಸಲಿಲ್ಲ. ಒಂದು ದಿನ ಅವಳಿಗೆ ಫೋನ್ ಮಾಡಿ, ಅಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆಯೇ ಎಂದು ಕೇಳಿದೆ. “ಹೊಟ್ಟಿ ಉರಿತದ್ರೀ,” ಎಂದಳು. “ಖರೆ ನಾಳಿ ಹಂಗಾದ್ರ ನಾಳಿನೂ ಬಸ್ ಹತ್ತತೀನಿ.”

ಕೆಲಸ ಬಂದದ್ದು ನಾವು ಎದುರುನೋಡದ ದಿಕ್ಕಿನಿಂದ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಅಕ್ಕಿ ಗಿರಣಿ ಇರುವವರ ಮಗಳು ಇಬ್ಬರು ಗೆಳತಿಯರನ್ನು ಕೂಡಿಸಿಕೊಂಡು ಗಿರಣಿಯ ಮಗ್ಗುಲಿನ ಕೋಣೆಯಲ್ಲೇ ಒಂದು ಆಟ ಕಟ್ಟುತ್ತಿದ್ದಳು. ನಮ್ಮ ಜಗಳದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಅಂಥ ಚಿತ್ರಗಾರ್ತಿಯೇ ನಮಗೆ ಬೇಕು ಎಂದು ನನಗೆ ಫೋನ್ ಮಾಡಿದಳು. ನಾನು ಒಂದು ಷರತ್ತು ಹಾಕಿದೆ: ಒಪ್ಪಂದ ಕನ್ನಡದಲ್ಲಿ ಇರಬೇಕು.

ಅಂಥದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೋಡಿಗೆ, ಪರವಾನಗಿಗೆ, ಆಟದ ಮುಂದಿನ ಭಾಗದ ಮೇಲಿನ ಹಕ್ಕಿಗೆ ಏನನ್ನಬೇಕು? ಕೆಲವು ಪದ ಸಿಕ್ಕವು, ಕೆಲವನ್ನು ಇದ್ದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದೆ. ಸಹಿಯ ದಿನ ಎಲ್ಲರೂ ಹಿರೇಕೊಟ್ನೆಕಲ್‌ನಲ್ಲಿ ಸೇರಿದೆವು. ಅಬ್ಬಾ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ಜಾಲಹಳ್ಳಿಯಿಂದ ಅತ್ತೆ ಸೊಸೆ ಬಂದರು. ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸದೆ ಸಹಿ ಬೇಡ ಎಂದು ಅತ್ತೆ ಕಟ್ಟುನಿಟ್ಟಾಗಿ ಹೇಳಿದರು. ಗಿರಣಿಯ ಸದ್ದಿನಲ್ಲಿ ಓದುವುದು ಹೇಗೆ? ಹುಡುಗಿಯ ತಂದೆ ಸ್ವಿಚ್ಚಿನ ಹತ್ತಿರ ಹೋಗಿ ನಿಂತರು.

“ಎಷ್ಟೊತ್ತು ಬಂದ್ ಇಡ್ಲಿರೀ ಮೇಡಂ?”

“ಓದಿ ಮುಗಿಯೋತನಕ,” ಎಂದೆ.

ಗಿರಣಿ ನಿಂತಿತು. ಚಹಾ ಕುಡಿಯಲು ಹೋಗಿ ಎಂದರೂ ಕೆಲಸದವರು ಹೋಗಲಿಲ್ಲ, ಏನೋ ಓದುತ್ತಾರಂತೆ ಎಂದು ಬಾಗಿಲ ಹತ್ತಿರ ಚೀಲಗಳ ಮೇಲೆ ಕೂತರು. ನಾನು ಎದ್ದು ನಿಂತು ಮೊದಲ ಸಾಲು ಓದಿದೆ: “ಈ ಆಟಕ್ಕೆ ಕೈಜೋಡಿಸಿದ ಪ್ರತಿಯೊಬ್ಬರ ಹೆಸರನ್ನು…”

“ಮೇಡಂ, ನಿಲ್ಲರಿ,” ಎಂದಳು ಚಿತ್ರಗಾರ್ತಿ. “‘ಕೈಜೋಡಿಸಿದ’ ಬ್ಯಾಡ. ‘ದುಡಿದ’ ಅಂತ ಬರೀರಿ.”

ಆ ಪದ ಹೊಡೆದುಹಾಕಿ, ಮೇಲೆ ಅವಳ ಪದ ಬರೆದು, ಮತ್ತೆ ಮೊದಲಿನಿಂದ ಓದಲು ಶುರು ಮಾಡಿದೆ.